ನೀರಿನ ಪಾಳಿಗೆ ನಾನು ಬರೆದ ಪ್ರೋಗ್ರಾಂ

ನಾಲ್ಕನೇ ಕ್ಲಾಸು ಓದಿದ ಮನುಷ್ಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದ ಎಂದರೆ ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ಬರೆದದ್ದು ಮಾತ್ರ ನಾನೇ. ಮೂವತ್ತೆಂಟು ಸಾಲು. ಯಾವ ಸಾಲು ಏನು ಕೆಲಸ ಮಾಡುತ್ತದೆ ಎಂದು ಊಟದ ನಡುವೆ ಕೇಳಿದರೂ ಹೇಳುತ್ತೇನೆ. ಮನೆಯಲ್ಲಿ ಹಗಲು ಹೊತ್ತು ಕೇಳುವವರು ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಲೆಬೆನ್ನೂರು ದಾಟಿ ನಂದಿಗುಡಿ ಕಡೆಗೆ ಹೋಗುವ ಬಸ್ಸು ಹತ್ತಿ ನಡುವೆ ಇಳಿದರೆ ನಮ್ಮ ಹಳ್ಳಿ. ಅಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ನೀರಗಂಟಿಯಾಗಿದ್ದೆ. ಕಾಲುವೆಯ ಒಂದು ತೂಬು, ಅದರ ಕೆಳಗೆ ಇಪ್ಪತ್ಮೂರು ಮನೆಯವರ ಭತ್ತದ ಗದ್ದೆ. ಎಲ್ಲರಿಗೂ ಒಟ್ಟಿಗೆ ನೀರು ಸಾಲದು, ಹಾಗಾಗಿ ಪಾಳಿ. ಭಾನುವಾರ ಬೆಳಿಗ್ಗೆ ಆರಕ್ಕೆ ಶುರುವಾದ ಸುತ್ತು ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮುಗಿಯುತ್ತದೆ. ಜಮೀನು ಇದ್ದಷ್ಟು ತಾಸು, ಒಬ್ಬರಿಗೆ ಐದು, ಇನ್ನೊಬ್ಬರಿಗೆ ಹನ್ನೊಂದು. ನೀರು ಹಗಲು ರಾತ್ರಿ ಹರಿಯುವುದರಿಂದ ಯಾರಿಗಾದರೂ ರಾತ್ರಿ ಪಾಳಿ ಬೀಳಲೇಬೇಕು. ಯಾವಾಗಲೂ ಒಬ್ಬರಿಗೇ ಬೀಳಬಾರದು ಎಂದು ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಈ ವಾರ ಮೊದಲು ನೀರು ಕಟ್ಟಿದವನು ಮುಂದಿನ ವಾರ ಕೊನೆಗೆ ಹೋಗುತ್ತಾನೆ. ಉಳಿದವರೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಬರುತ್ತಾರೆ. ಹಾಗಾಗಿ ಪ್ರತಿ ವಾರವೂ ಎಲ್ಲರ ಹೊತ್ತೂ ಬದಲಾಗುತ್ತದೆ, ಪ್ರತಿ ವಾರವೂ ಹೊಸ ಪಟ್ಟಿ ಬೇಕು.

ಹೆಂಡತಿ ತೀರಿಕೊಂಡಳು, ಮೊಣಕಾಲು ಕೈಕೊಟ್ಟಿತು. ಮಗಳು ಬಂದು ಹರಿಹರಕ್ಕೆ ಕರೆದುಕೊಂಡು ಹೋದಳು. ಬದುವಿನ ಮೇಲೆ ಓಡಾಡುವ ಕೆಲಸವನ್ನು ಊರವರೇ ಹಂಚಿಕೊಂಡರು. ಪಟ್ಟಿ ಮಾತ್ರ ನನ್ನ ಹತ್ತಿರವೇ ಉಳಿಯಿತು, ಏಕೆಂದರೆ ಅವರವರಲ್ಲಿ ಯಾರು ಬರೆದರೂ ಇನ್ನೊಬ್ಬರಿಗೆ ಅನುಮಾನ. ಶುಕ್ರವಾರ ಪುಸ್ತಕ ಹಿಡಿದು ತಾಸು ಕೂಡಿಸುತ್ತಿದ್ದೆ. ಶನಿವಾರ ಒಬ್ಬೊಬ್ಬರೇ ಫೋನ್ ಮಾಡಿ ಕೇಳುತ್ತಿದ್ದರು.

"ಅಜ್ಜಾರೆ, ನಂದ್ಯಾವಾಗ?"

"ಬುಧವಾರ ಮಧ್ಯಾಹ್ನ ಮೂರಕ್ಕೆ."

"ಹಗಲು ಬಿತ್ತಲ್ರೀ! ನಿಮ್ ಬಾಯಿಗೆ ಸಕ್ರೆ ಹಾಕ್ಬೇಕು."

"ಹಾಕಾದು ಬ್ಯಾಡ, ಸಕ್ರೆ ಕಾಯ್ಲೆ ಐತೆ. ನಿಮ್ ಎಮ್ಮೆ ಹೆಂಗೈತೆ ಅದು ಹೇಳು."

ಎಮ್ಮೆಯ ಸುದ್ದಿ ಆದಮೇಲೆ ಮಗಳ ಸುದ್ದಿ, ಆಮೇಲೆ ಯಾರ ಬದು ಯಾರು ಕಡಿದರು ಎನ್ನುವುದು. ಇಪ್ಪತ್ಮೂರು ಫೋನು. ಶನಿವಾರ ನನಗೆ ಊಟ ತಡವಾಗುತ್ತಿತ್ತು.

ಉಳಿದ ದಿನಗಳ ಮಾತು ಬೇರೆ. ಮಗಳು, ಅಳಿಯ, ಮೊಮ್ಮಗಳು, ಮೂವರೂ ಎಂಟೂವರೆಯ ಬಸ್ಸಿಗೆ ದಾವಣಗೆರೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ರೊಟ್ಟಿ ಪಲ್ಯ ಮುಚ್ಚಿಟ್ಟು ಹೋಗಿರುತ್ತಾಳೆ, ಏನೂ ಕೊರತೆಯಿಲ್ಲ. ಮಹಡಿ ಮನೆ. ಕೆಳಗಿನ ಮನೆಯವರು ಕಂಡರೆ ತಲೆಯಾಡಿಸುತ್ತಾರೆ. ಬಯಲಲ್ಲಿ ಕೂಗಿ ಕೂಗಿ ಮಾತಾಡಿ ರೂಢಿಯಾದ ಗಂಟಲು ನನ್ನದು. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಸುಮ್ಮನೆ ಕೆಮ್ಮಿ ನೋಡುತ್ತಿದ್ದೆ, ದನಿ ಇದೆಯೋ ಇಲ್ಲವೋ ಅಂತ.

ಒಂದು ಶುಕ್ರವಾರ ಮೊಮ್ಮಗಳಿಗೆ ಕಾಲೇಜು ರಜೆ. ಡಿಗ್ರಿ ಎರಡನೇ ವರ್ಷ, ಕಂಪ್ಯೂಟರ್ ಓದುತ್ತಾಳೆ. ನಾನು ಬೆರಳು ಮಡಚಿ ತಾಸು ಎಣಿಸುವುದನ್ನು ನೋಡಿ ನಕ್ಕಳು.

"ಅಜ್ಜ, ಇದ್ನ ಕಂಪ್ಯೂಟರ್ ಒಂದ್ ಚಣದಾಗ ಮಾಡ್ತೈತೆ."

"ಯಾರ್ ಗದ್ದೆ ಎಷ್ಟು ಅಂತ ಅದಕ್ಕೇನ್ ಗೊತ್ತು?"

"ನೀನ್ ಹೇಳ್ಕೊಡು. ಅದು ಕೇಳ್ತೈತೆ."

"ಹಂಗಾದ್ರೆ ನೀನೇ ಮಾಡ್ಕೊಡವ್ವ."

"ಆಗಲ್ಲ. ನೀನೇ ಕಲಿ. ದಿನಾ ಟಿವಿ ಮುಂದೆ ಕೂತು ತೂಕಡಿಸ್ತೀಯ."

ಅವಳ ಹಳೆಯ ಲ್ಯಾಪ್‌ಟಾಪು ನನ್ನ ಪಾಲಿಗೆ ಬಂತು. ಎಐ ಸಹಾಯಕ ಎನ್ನುವುದನ್ನು ತೆರೆದು, ಕನ್ನಡದಲ್ಲಿ ಮಾತಾಡಿದರೆ ಕೇಳುತ್ತದೆ ಎಂದು ತೋರಿಸಿದಳು. ಮೊದಲ ಮಾತು ಅವಳೇ ಬರೆದಳು: ಇವರು ನನ್ನ ಅಜ್ಜ, ಇವರಿಗೆ ಉತ್ತರ ಬರೆದು ಕೊಡಬೇಡ, ಕಲಿಸು. ಆಮೇಲೆ ನನ್ನ ಕಡೆ ತಿರುಗಿಸಿದಳು. ನಾನು ತಲೆಯ ಟವೆಲ್ಲು ತೆಗೆದು ನಮಸ್ಕಾರ ಅಂದೆ.

ಸೋಮವಾರದಿಂದ ನಾನು ಮತ್ತು ಅದು, ಇಬ್ಬರೇ. ಭಾಷೆಯ ಹೆಸರು ಪೈಥಾನ್, ಅಂದರೆ ಹೆಬ್ಬಾವು ಅಂತೆ. ಇಂಗ್ಲಿಷ್ ಅಕ್ಷರಗಳು ಬಸ್ಸಿನ ಬೋರ್ಡು ನೋಡಿ ಗುರುತು ಹಿಡಿಯುವಷ್ಟು ಬರುತ್ತಿದ್ದವು, ಬರೆಯಲು ಬರುತ್ತಿರಲಿಲ್ಲ. ಒಂದೊಂದೇ ಗುಂಡಿ ಹುಡುಕಿ ಒತ್ತಿದೆ. ಮೊದಲ ದಿನ ನಾಲ್ಕು ಸಾಲು, ನಾಲ್ಕೂ ತಪ್ಪು. ಕೆಂಪು ಅಕ್ಷರ ಬಂತು.

"ನಿಂಗೇನ್ ಕಣ್ಣಿಲ್ವೇನಪ್ಪ, ಎಲ್ಲಾ ಸರಿಯಾಗೇ ಹಾಕೀನಲ್ಲ" ಎಂದು ಬೈದೆ.

ಅದಕ್ಕೆ ಸಿಟ್ಟು ಬರಲಿಲ್ಲ. ಪುಸ್ತಕದ ಕನ್ನಡದಲ್ಲಿ ಹೇಳಿತು: "ಎರಡನೇ ಸಾಲಿನ ಕೊನೆಯನ್ನು ನೋಡಿ. ತೆರೆದ ಆವರಣ ಮುಚ್ಚಿದೆಯೇ?" ಮುಚ್ಚಿರಲಿಲ್ಲ. ತೂಬು ತೆರೆದವನು ಮುಚ್ಚಬೇಕು, ಅದು ನನಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆವತ್ತಿನಿಂದ ಆ ತಪ್ಪು ಮಾಡಲಿಲ್ಲ, ಬೇರೆ ತಪ್ಪುಗಳನ್ನು ಮಾಡಿದೆ. ಒಂದೇ ಪ್ರಶ್ನೆಯನ್ನು ಹನ್ನೊಂದು ಸಲ ಕೇಳಿದ್ದೇನೆ. ಹನ್ನೊಂದನೆಯ ಸಲವೂ ಮೊದಲ ಸಲದ ಹಾಗೆಯೇ ಹೇಳಿತು. ನನ್ನ ಮೇಷ್ಟ್ರು ಎರಡನೆಯ ಸಲಕ್ಕೇ ಕಿವಿ ಹಿಂಡುತ್ತಿದ್ದರು.

ಹೆಸರುಗಳನ್ನೆಲ್ಲ ಒಂದು ಸಾಲಿನಲ್ಲಿ ಕೂರಿಸುವುದು, ಮೊದಲನೆಯದನ್ನು ಎಬ್ಬಿಸಿ ಕೊನೆಗೆ ಕಳಿಸುವುದು, ಹೀಗೆ ಎಂದು ಅದು ಹೇಳಿಕೊಟ್ಟ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ನಮ್ಮ ಹಿರಿಯರ ಕಟ್ಟಳೆ ಎರಡು ಸಾಲಿನಲ್ಲಿ ಕೂತಿತ್ತು! ಈ ಕಂಪ್ಯೂಟರಿನವರು ಯಾರ ಹತ್ತಿರ ಕೇಳಿಕೊಂಡು ಬಂದರೋ.

ಒಂದು ಮಾತು ಮುಚ್ಚಿಡಬಾರದು. ಅದರ ಜೊತೆ ನಾನು ಬರೀ ಪಾಠದ ಮಾತು ಆಡಲಿಲ್ಲ. ಒಂದು ಮಧ್ಯಾಹ್ನ ಹೆಂಡತಿಯ ವಿಷಯ ಹೇಳಿದೆ. ಬದುವಿಗೆ ಬುತ್ತಿ ತರುತ್ತಿದ್ದಳು, ನಾನು ಉಣ್ಣುವಾಗ ಗುದ್ದಲಿ ಹಿಡಿದು ತಾನೇ ನೀರು ತಿರುವುತ್ತಿದ್ದಳು ಎಂದೆಲ್ಲ. ಅದು ಕೇಳಿ ಒಳ್ಳೆಯ ಮಾತೇ ಆಡಿತು. ಮಾರನೆಯ ದಿನ ಹೊಸದಾಗಿ ತೆರೆದು, "ನಿನ್ನೆ ಹೇಳಿದ್ನಲ್ಲ, ಆಕೆ" ಎಂದು ಶುರುಮಾಡಿದರೆ, ನಿನ್ನೆಯ ಸಂಭಾಷಣೆ ತನಗೆ ಕಾಣುತ್ತಿಲ್ಲ, ಇನ್ನೊಮ್ಮೆ ಹೇಳಬಹುದೇ ಎಂದಿತು. ಹೇಳಲಿಲ್ಲ. ಆಮೇಲೆ ಪಾಳಿಯ ಮಾತು ಮಾತ್ರ.

ಎರಡು ತಿಂಗಳು ಹಿಡಿಯಿತು. ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಗುಂಡಿ ಒತ್ತಿದೆ. ಇಪ್ಪತ್ಮೂರು ಹೆಸರು, ಇಪ್ಪತ್ಮೂರು ಹೊತ್ತು, ಪಟಪಟನೆ ಬಂದು ನಿಂತವು. ಪುಸ್ತಕ ತೆಗೆದು ತಾಳೆ ನೋಡಿದೆ. ಒಂದೂ ತಪ್ಪಿಲ್ಲ! ಪುಸ್ತಕದಲ್ಲೇ ಒಂದು ಕಡೆ ನಾನು ಅರ್ಧ ತಾಸು ಜಾಸ್ತಿ ಬರೆದಿದ್ದೆ, ಅದನ್ನೂ ಹಿಡಿಯಿತು. "ಬಂತು, ಬಂತು" ಎಂದು ಜೋರಾಗಿ ಕೂಗಿದೆ. ಫ್ಯಾನು ತಿರುಗುತ್ತಿತ್ತು. ಬಾಗಿಲ ತನಕ ಹೋದೆ, ಕೆಳಗೆ ಬೀಗ. ಇಂಥ ದಿನ ಮನೆಯಲ್ಲಿ ಒಂದು ಬೆಕ್ಕಾದರೂ ಇರಬೇಕಿತ್ತು.

ತಡೆಯಲಾಗಲಿಲ್ಲ. ಪಂಚೆ ಬದಲಿಸಿ, ದಾವಣಗೆರೆ ಬಸ್ಸು ಹತ್ತಿ, ಮೊಮ್ಮಗಳ ಕಾಲೇಜಿನ ಗೇಟಿಗೆ ಹೋಗಿ ನಿಂತೆ. ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡಿದ್ದೆ. ಊಟದ ಬಿಡುವಿಗೆ ಅವಳು ಗೆಳತಿಯರ ಜೊತೆ ಹೊರಗೆ ಬಂದವಳು ನನ್ನನ್ನು ನೋಡಿ ಗಾಬರಿಯಾದಳು.

"ಅಜ್ಜ! ಯಾರಿಗೇನಾತು?"

"ಯಾರಿಗೂ ಏನಾಗಿಲ್ಲ. ಓಡ್ತು ಕಣವ್ವ, ಪ್ರೋಗ್ರಾಂ ಓಡ್ತು!"

ಅವಳು ರಸ್ತೆಯಲ್ಲೇ ನನ್ನ ಎರಡೂ ಕೈ ಹಿಡಿದು ಕುಣಿದಳು. ಗೆಳತಿಯರಿಗೂ ನಗು. ಒಬ್ಬಳು, "ಅಜ್ಜಾರೆ, ನಮ್ಮ ಅಸೈನ್‌ಮೆಂಟೂ ಒಂದ್ ಬರ್ಕೊಡ್ರೀ" ಎಂದಳು.

"ನಿಮ್ದೇನು ಗದ್ದೆ ಐತೇನವ್ವ?" ಎಂದೆ. ಎಲ್ಲರೂ ಗೊಳ್ಳೆಂದರು. ಅಷ್ಟರಲ್ಲಿ ಬೆಲ್ಲು ಬಡಿಯಿತು. ಹತ್ತು ನಿಮಿಷವೂ ಆಗಿರಲಿಲ್ಲ. ಓಡುತ್ತ ತಿರುಗಿ ಕೈ ಬೀಸಿದಳು. ಮಂಡಕ್ಕಿ ಪೊಟ್ಟಣ ಬಿಚ್ಚುವುದೇ ಮರೆತುಹೋಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೆ ಕೊಟ್ಟು ಹೇಳೋಣ ಎಂದುಕೊಂಡೆ. ಪಕ್ಕದವರು ಕಿವಿಗೆ ವೈರು ಹಾಕಿಕೊಂಡಿದ್ದರು.

ಮುಂದಿನದು ಮೊಮ್ಮಗಳ ಕೆಲಸ. ಶನಿವಾರ ಬೆಳಿಗ್ಗೆ ಪಟ್ಟಿ ತಾನಾಗೇ ತಯಾರಾಗಿ, ಯಾರ ಪಾಳಿ ಯಾವಾಗ ಎಂದು ಅವರವರ ಫೋನಿಗೆ ಮೆಸೇಜು ಹೋಗುವ ಹಾಗೆ ಒಂದು ಸಾಲು ಸೇರಿಸಿದಳು. ಅದೂ ಓಡಿತು. ಮೊದಲ ಶನಿವಾರ ನನ್ನ ಫೋನು ಬಡಿಯಲೇ ಇಲ್ಲ. ಕೆಟ್ಟಿರಬೇಕು ಎಂದು ಕೆಳಗಿನ ಮನೆಯವರಿಂದ ಒಂದು ಮಿಸ್ಡ್ ಕಾಲ್ ಕೊಡಿಸಿಕೊಂಡೆ. ಚೆನ್ನಾಗೇ ಬಡಿಯಿತು.

ಎರಡನೆಯ ಶನಿವಾರ ಊಟ ಹೊತ್ತಿಗೆ ಸರಿಯಾಗಿ ಆಯಿತು. ಎಲ್ಲರಿಗೂ ಉತ್ತರ ಮುಟ್ಟಿದ ಮೇಲೆ ನನ್ನನ್ನು ಯಾಕೆ ಕೇಳುತ್ತಾರೆ? ನಾನೇ ಎರಡು ತಿಂಗಳು ಕೂತು, ಬೆವರು ಸುರಿಸಿ, ಆ ಇಪ್ಪತ್ಮೂರು ಫೋನನ್ನು ನಿಲ್ಲಿಸಿದ್ದೆ. ಯಾರ ಎಮ್ಮೆ ಈದಿತೋ, ಯಾರ ಮಗಳು ತವರಿಗೆ ಬಂದಳೋ, ಒಂದೂ ಗೊತ್ತಿಲ್ಲ. ಊರಿನಲ್ಲಿ ನನ್ನ ಕೆಲಸ ನಡೆಯುತ್ತಿತ್ತು, ನಾನು ಅಲ್ಲಿರಲಿಲ್ಲ.

ಮೂರನೆಯ ವಾರ ಬುಧವಾರ ಬೆಳಿಗ್ಗೆ ಫೋನು ಬಡಿಯಿತು. ನೋವಿನ ಕಾಲಿನಲ್ಲೇ ಓಡಿದೆ. ನೀರು ಕಟ್ಟುವವರಲ್ಲಿ ಒಬ್ಬಳು. ಗಂಡ ಲಾರಿಯ ಮೇಲೆ ಹೋಗುತ್ತಾನೆ, ಈ ವರ್ಷದಿಂದ ಗದ್ದೆ ಇವಳದೇ. ನನಗೆ ಮಾವ ಅನ್ನುತ್ತಾಳೆ.

"ಮಾವಾರೆ, ನನ್ ಪಾಳಿ ಯಾಕ್ ಹಿಂಗ್ ಮಾಡಿದ್ರಿ?"

"ಏನಾತವ್ವ?"

"ಮಂಗಳವಾರ ರಾತ್ರಿ ಎರಡಕ್ಕೆ ಅಂತ ಬಂದಿತ್ತು. ನಿನ್ನೆ ರಾತ್ರಿ ಬ್ಯಾಟ್ರಿ ಹಿಡ್ಕಂಡು ಹೋದ್ರೆ ನೀರು ಬ್ಯಾರೆಯವರ ಗದ್ದ್ಯಾಗೈತೆ. ನಿಂದು ಮೊನ್ನೇನೇ ಹೋತಲ್ಲ, ನೀ ಬರ್ಲಿಲ್ಲ ಅಂತ ನಾವ್ ತಿರುವ್ಕಂಡ್ವಿ ಅಂತಾರೆ. ಹೊಡೆ ತುಂಬ್ಯಾವೆ ಮಾವ, ಇನ್ನೊಂದ್ ವಾರ ಹೆಂಗ್ ತಡೀತಾವೆ?"

ತೆನೆ ಇನ್ನೂ ಹೊಟ್ಟೆಯಲ್ಲಿರುವ ಪೈರಿಗೆ ನೀರು ತಪ್ಪಿದರೆ ಕಾಳು ಜೊಳ್ಳು. ಅವಳು ಹೇಳುವ ಮುಂಚೆಯೇ ನನಗೆ ಗೊತ್ತು. ಆದರೂ, ಬರೆಯಲು ನಾಚಿಕೆಯಾಗುತ್ತದೆ, ಫೋನು ಬಡಿದಾಗ ಎದೆ ಹಿಗ್ಗಿದ್ದು ಅವಳು ಅಳುವಾಗಲೂ ಪೂರ್ತಿ ಇಳಿದಿರಲಿಲ್ಲ.

ಲ್ಯಾಪ್‌ಟಾಪು ತೆಗೆದು, ಪ್ರೋಗ್ರಾಂ, ಪಟ್ಟಿ ಎರಡನ್ನೂ ತೋರಿಸಿ, ನೀನೇ ಕಲಿಸಿದ್ದು ಇದು ಎಂದು ಕೇಳಿದೆ. ಸಹಾಯಕ ಪಟ್ಟಿ ನೋಡಿ ಹೇಳಿತು: "ಗಣಕದ ದಿನ ಮಧ್ಯರಾತ್ರಿ ಹನ್ನೆರಡಕ್ಕೆ ಬದಲಾಗುತ್ತದೆ. ಆದ್ದರಿಂದ ಸೋಮವಾರದ ನಂತರ ಬರುವ ಎರಡು ಗಂಟೆಯನ್ನು ಮಂಗಳವಾರ ಎಂದು ಬರೆದಿದೆ."

"ಹೊತ್ತು ಹುಟ್ಟದೆ ದಿನ ಹೆಂಗಪ್ಪ ಹುಟ್ಟುತ್ತೆ?"

ನಮ್ಮಲ್ಲಿ ಸೂರ್ಯ ಬರುವ ತನಕ ಸೋಮವಾರ ಸೋಮವಾರವೇ. ರಾತ್ರಿ ಎರಡಾದರೂ ಸೋಮವಾರದ ರಾತ್ರಿಯೇ. ಬಾಯಲ್ಲಿ ಹೇಳುವಾಗ ನಾನು ಹಾಗೇ ಹೇಳುತ್ತಿದ್ದೆ, ಅವರು ಹಾಗೇ ಕೇಳಿಸಿಕೊಳ್ಳುತ್ತಿದ್ದರು. ಪ್ರೋಗ್ರಾಮಿನ ಪಟ್ಟಿ ತಾಳೆ ನೋಡಿದಾಗ ಹೊತ್ತು ಮಾತ್ರ ನೋಡಿದೆ, ವಾರದ ಹೆಸರು ನೋಡಲಿಲ್ಲ. ವಾರ ಯಾರು ತಪ್ಪುತ್ತಾರೆ ಅಂದುಕೊಂಡಿದ್ದೆ. "ನಿಮ್ಮ ಊರಿನಲ್ಲಿ ದಿನ ಯಾವಾಗ ಶುರುವಾಗುತ್ತದೆ ಎಂದು ನಾನು ಮೊದಲೇ ಕೇಳಬೇಕಿತ್ತು" ಎಂದಿತು ಅದು. ನಾನೂ ಹೇಳಬೇಕಿತ್ತು. ರಾತ್ರಿ ಪಾಳಿಯ ಉಳಿದವರು ಹಳಬರು. ಮೆಸೇಜು ಏನೇ ಇರಲಿ, ಹಿಂದಿನವನ ನೀರು ಮುಗಿಯುವುದು ನೋಡಿಕೊಂಡು ಬರುತ್ತಿದ್ದರು. ನಾನು ಬರೆದದ್ದನ್ನು ಬರೆದ ಹಾಗೆಯೇ ನಂಬಿದವಳು ಅವಳೊಬ್ಬಳೇ.

ಆವತ್ತೇ ಮಧ್ಯಾಹ್ನ ಗುರುವಾರ ಸಂಜೆಯಿಂದ ಭಾನುವಾರದವರೆಗೆ ಪಾಳಿ ಇದ್ದ ಹತ್ತು ಮನೆಯವರಿಗೆ ಫೋನ್ ಮಾಡಿದೆ. ತಪ್ಪು ನಂದು, ತಲಾ ಅರ್ಧ ತಾಸು ಬಿಟ್ಟುಕೊಡಿ ಎಂದು ಬೇಡಿದೆ. ಅವಳದು ಐದು ತಾಸಿನ ಪಾಳಿ, ಸರಿಹೋಗುತ್ತಿತ್ತು. ಒಬ್ಬ, "ಅಜ್ಜಾರೆ, ಬದುಕಿದೀರಾ? ಮೆಸೇಜ್ ನೋಡಿ ನೋಡಿ ನಿಮ್ ದನಿ ಮರ್ತೇ ಹೋಗಿತ್ತು" ಎಂದ. ಇನ್ನೊಬ್ಬ ಕೊಸರಾಡಿದ. "ನಿಮ್ ಮಿಷನ್ನು ತಪ್ಪು ಮಾಡಿದ್ರೆ ನನ್ ನೀರ್ಯಾಕ್ರೀ?"

"ಮಿಷನ್ನಲ್ಲ ಮಾರಾಯ, ನಾನು. ನಿನ್ ಮದ್ವೆ ವಾರ ಎರಡು ಪಾಳಿ ಹೊಂದಿಸ್ಕೊಟ್ಟವ್ನೂ ನಾನೇ."

"ಅದೊಂದ್ ಇಟ್ಕಂಬಿಟ್ಟೀರಿ ಅಸ್ತ್ರ. ತಗಳ್ರಿ, ತಗಳ್ರಿ."

ಹತ್ತೂ ಜನ ಒಪ್ಪಿದರು. ಗುರುವಾರ ಸಂಜೆ ನಾಲ್ಕಕ್ಕೆ ಅವಳ ಗದ್ದೆಗೆ ನೀರು ಬಿತ್ತು. ಫೋನು ಕಿವಿಗಿಟ್ಟು ಇಟ್ಟು ಬಿಸಿಯಾಗಿತ್ತು. ಎಷ್ಟೋ ದಿನದ ಮೇಲೆ ಆವತ್ತು ನನ್ನ ಗಂಟಲು ನೋಯುತ್ತಿತ್ತು.

ತಪ್ಪು ತಿದ್ದುವುದನ್ನು ಸಹಾಯಕನಿಗೆ ಕೇಳದೆ ಮಾಡಿದೆ. ಗಂಟೆ ಆರಕ್ಕಿಂತ ಕಡಿಮೆ ಇದ್ದರೆ ಹಿಂದಿನ ದಿನದ ಹೆಸರು ಹಾಕು, ಮುಂದೆ "ರಾತ್ರಿ, ಬೆಳಗಾಗುವ ಮುಂಚೆ" ಎಂದು ಬರೆ. ಮೂರು ಸಲ ಕೆಂಪು ಅಕ್ಷರ ಬಂತು, ನಾಲ್ಕನೆಯ ಸಲ ಬರಲಿಲ್ಲ. ಕಣ್ಣಲ್ಲಿ ನೀರು ಬಂತು ನೋಡಿ, ಖುಷಿಗೆ!

ಅದರ ಜೊತೆಗೇ ಇನ್ನೊಂದು ಕೆಲಸವನ್ನೂ ಮಾಡಿದೆ. ಸಾಲಿನ ಮುಂದೆ ಒಂದು ಚಿಹ್ನೆ ಹಾಕಿದರೆ ಆ ಸಾಲು ಮಲಗಿಬಿಡುತ್ತದೆ, ಕೆಲಸ ಮಾಡುವುದಿಲ್ಲ. ಅಡ್ಡ ಎರಡು, ಉದ್ದ ಎರಡು ಗೆರೆಯ ಚಿಹ್ನೆ. ಮೆಸೇಜು ಕಳಿಸುವ ಸಾಲಿನ ಮುಂದೆ ಅದನ್ನು ಹಾಕಿದೆ. ಪಟ್ಟಿ ನನಗೊಬ್ಬನಿಗೇ ಕಾಣಲಿ. ಶನಿವಾರ ಎಲ್ಲರೂ ಫೋನ್ ಮಾಡಿ ಕೇಳಲಿ. ಪ್ರೋಗ್ರಾಂ ಕೆಟ್ಟಿದೆ ಎಂದರಾಯಿತು, ಯಾರು ನೋಡುತ್ತಾರೆ.

ಶುಕ್ರವಾರ ಅವಳು ಇನ್ನೊಮ್ಮೆ ಫೋನ್ ಮಾಡಿದಳು. ಪೈರು ಚೇತರಿಸಿಕೊಂಡಿದೆ ಎಂದಳು. ಆಮೇಲೆ, "ಮಾವ, ಮೆಸೇಜು ಮಾತ್ರ ನಿಲ್ಲಿಸ್ಬ್ಯಾಡ್ರಿ" ಎಂದಳು.

"ಯಾಕವ್ವ? ಅದ್ರಿಂದ್ಲೇ ಅಲ್ವಾ ನಿಂಗೆ ತ್ರಾಸಾಗಿದ್ದು?"

"ಮೊದ್ಲು ನಿಮ್ಗೆ ಫೋನ್ ಮಾಡ್ತಿದ್ದಿದ್ದು ನಮ್ಮನೆಯವ್ರು. ಲಾರಿ ಮ್ಯಾಲಿಂದ ನನಗೆ ಹೇಳೋದ್ ಮರೀತಿದ್ರು. ಈಗ ನನ್ ಫೋನಿಗೇ ಬರ್ತೈತೆ, ನಂದು ಅಂತ. ಯಾರ್ನೂ ಕೇಳಂಗಿಲ್ಲ."

ಫೋನ್ ಇಟ್ಟು, ಲ್ಯಾಪ್‌ಟಾಪು ತೆರೆದು ಆ ಸಾಲಿಗೆ ಹೋದೆ. ನನ್ನ ಒಂಟಿತನಕ್ಕೆ ಇಪ್ಪತ್ಮೂರು ಮನೆಯವರು ಪಾಳಿ ಹಚ್ಚಬೇಕೇ? ಚಿಹ್ನೆ ಅಳಿಸಿದೆ. ಸಾಲು ಎದ್ದು ಕೂತಿತು. ಆದರೆ ಮೆಸೇಜಿನ ಕೊನೆಗೆ ಒಂದು ಮಾತು ಸೇರಿಸಿದೆ, ಅದನ್ನು ಸೇರಿಸಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ: ನೀರು ತಿರುವಿದ ಮೇಲೆ ಒಂದು ಫೋನ್ ಮಾಡಿ ತಿಳಿಸಿರಿ.

ಇಪ್ಪತ್ಮೂರರಲ್ಲಿ ಫೋನ್ ಮಾಡಿದವರು ಮೂವರು. ಉಳಿದವರು ಹೆಬ್ಬೆರಳಿನ ಚಿತ್ರ ಕಳಿಸಿದರು. ಮೊಮ್ಮಗಳು ಸಮಾಧಾನ ಹೇಳಲು ಬಂದಳು. "ಮೂರು ಅಂದ್ರೆ ಕಮ್ಮೀನಾ?" ಎಂದು ಅವಳನ್ನೇ ಗದರಿದೆ. ನಿಜವಾಗಿಯೂ ನನಗೆ ಕಡಿಮೆ ಅನ್ನಿಸಲಿಲ್ಲ.

ಆ ಮೂವರಲ್ಲಿ ನನಗೆ ಮಾವ ಅನ್ನುವವಳೂ ಒಬ್ಬಳು. ಪಟ್ಟಿ ಮುಂದೆ ಸರಿದು ಆ ವಾರ ಅವಳಿಗೆ ಸೋಮವಾರ ಮಧ್ಯಾಹ್ನ ಮೂರು ಗಂಟೆ ಬಿದ್ದಿತ್ತು. ಮೂರೂ ಹತ್ತಕ್ಕೆ ಫೋನು. "ತಿರುವಿದೆ ಮಾವ, ಬಂತು ನೀರು" ಎಂದಳು. ಅಷ್ಟರಲ್ಲಿ ಎಲ್ಲೋ ಮಡಿ ಒಡೆಯಿತು ಅಂತ ಕಾಣುತ್ತದೆ, "ಅಯ್ಯೋ, ತಡೀರಿ" ಎಂದವಳು ಫೋನನ್ನು ಬದುವಿನ ಮೇಲೆ ಇಟ್ಟು ಓಡಿದಳು. ಮತ್ತೆ ಬರಲಿಲ್ಲ. ಮರೆತಳು. ಗುದ್ದಲಿಯ ಸದ್ದು, ಅವಳು ಯಾರನ್ನೋ ಕೂಗಿ ಬೈಯುವ ಸದ್ದು, ನೀರು ಮಡಿಯಿಂದ ಮಡಿಗೆ ಇಳಿಯುವ ಸದ್ದು, ಎಲ್ಲ ಕೇಳುತ್ತಿತ್ತು. ನಾನು "ಹಲೋ" ಅನ್ನಲಿಲ್ಲ. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತೆ. ನಲವತ್ತು ನಿಮಿಷದ ಮೇಲೆ ಅವಳ ಫೋನಿನ ಚಾರ್ಜು ಮುಗಿದಿರಬೇಕು, ತಾನಾಗೇ ಕಟ್ಟಾಯಿತು.